ಕುರಡಗಿ ಕಾಯ್ದ ಕ್ಯಾಮೆರಾ

ರಘೋತ್ತಮರಾಯರನ್ನು ಕೃಷ್ಣವ್ವ ಮೊಟ್ಟಮೊದಲು ಕಂಡದ್ದು ನಡುರಸ್ತೆಯಲ್ಲಿ, ಬೋರಲು ಬಿದ್ದಿದ್ದಾಗ! ಲಾಕ್‌ಡೌನಿನ ಬೇಸಿಗೆ. ಬೈಲಹೊಂಗಲದ ಆ ಓಣಿಯಲ್ಲಿ ನಾಯಿಯೂ ಕೆಮ್ಮಲು ಹೆದರುತ್ತಿದ್ದ ಕಾಲ. ಪಾಪ, ಯಾರೋ ಬಿಸಿಲಿಗೆ ಬವಳಿ ಬಂದು ಬಿದ್ದಿದ್ದಾರೆಂದು ಕೃಷ್ಣವ್ವ ಒಳಗೋಡಿ, ಉಳ್ಳಾಗಡ್ಡಿ ಜಜ್ಜಿ ತಂದು, ಅವರ ಮಾಸ್ಕ್ ಜಗ್ಗಿ ಮೂಗಿಗೇ ಹಿಡಿದಳು.

"ಆಕ್ಷೀ!"

ಎದುರಿಗಿದ್ದ ಗುಬ್ಬಿ ಹಾರಿಹೋಯಿತು. ಸೀನು ಕೇಳಿದ ಓಣಿಯ ಬಾಗಿಲುಗಳೆಲ್ಲ ಧಡ್ ಧಡ್ ಮುಚ್ಚಿಕೊಂಡವು.

"ಏನ್ ಮಾಡಿದ್ರಿ! ಗುಬ್ಬಿ ಫೋಟೊ ತಗೀಲಿಕ್ಕೆ ಮಲಗಿದ್ದೆ!"

"ಮಲಗಿ ತಗ್ಯಾಕ ಅದೇನ್ ಎಕ್ಸರೇ ಏನ್ರಿ?"

ಎದುರು ಮನೆಗೆ ಹೊಸದಾಗಿ ಬಂದ ನಿವೃತ್ತ ಮಾಸ್ತರರು ಅವರು. ದಿನಾ ಮುಂಜಾನೆ ಓಣಿ ಸುತ್ತಿ ಹಕ್ಕಿಗಳ ಫೋಟೊ ತೆಗೆಯುವ ವ್ರತ ಹಿಡಿದಿದ್ದರು.

ಗಾಡಿಗಳಿಲ್ಲದ ರಸ್ತೆ ಅಂದರೆ ಹೆಂಗಸರಿಗೆ ಹಾಸಿಟ್ಟ ಮಾಳಿಗೆ! ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಎಲ್ಲ ಅಲ್ಲೇ ಒಣಗತೊಡಗಿದವು. ರಾಯರ ಹೆಂಡತಿ ಪದ್ಮಜಾಬಾಯಿಗೆ ಪ್ರತಿ ವರ್ಷ ಸವದತ್ತಿಯ ಅತ್ತಿಗೆಯ ಮನೆಯಿಂದ ಕುರಡಗಿ, ಅದೇ ಗೋಧಿಹಾಲಿನ ಎಳೆ ಸಂಡಿಗೆ, ಬರುತ್ತಿತ್ತು. ಈ ಸಲ ಬಸ್ಸೇ ಬಂದ್. ಆಕೆ ಗೋಧಿ, ಹಾಸಲು ಒಂದು ಚಾದರ ಎರಡನ್ನೂ ಓಣಿಗೆಲ್ಲ ಕುರಡಗಿ ಒತ್ತಿಕೊಡುವ ಕೃಷ್ಣವ್ವನ ಕೈಗಿಟ್ಟು, "ನಮ್ಮ ಅತ್ತಿಗಿ ಕೈ ಹದ ಎಲ್ಲಾರಿಗೂ ಬರಂಗಿಲ್ಲ. ಮಾಡ್ರಿ, ನೋಡೂಣು" ಎಂದಳು.

ಕೃಷ್ಣವ್ವನ ಮೀಸೆ ಇಲ್ಲದ ಮುಖದಲ್ಲೂ ಮೀಸೆ ಕುಣಿಯಿತು. "ಹದ ಹೋಗ್ಲಿ ಬಾಯಾರ! ನಾ ಕುಂತಲ್ಲಿಂದ ಒಂದ ಕಾಗಿ ಒಂದ ಎಳಿ ಒಯ್ದಿಲ್ಲ. ಒಯ್ದ್ರ ಈ ಕಾಯೋ ಕೋಲ ನಿಮ್ಮ ಕೈಯಾಗ ಕೊಟ್ಟು, ಕುರಡಗಿ ಒತ್ತೂದ ಬಿಟ್ಟ ಬಿಡತೇನಿ!"

ಗೋಧಿ ನೆನೆಸಿ, ರುಬ್ಬಿ, ಹಾಲು ಹಿಂಡಿ, ಹದವಾಗಿ ಕಾಸಿ, ಎಳೆ ಎಳೆಯಾಗಿ ಚಾದರದ ಮೇಲೆ ಒತ್ತಿದಳು. ಕೋಲು ಹಿಡಿದು ಕುಳಿತಳು. ಎದುರಿಗೆ ರಾಯರು ಕ್ಯಾಮೆರಾ ಹಿಡಿದು ಕುಳಿತರು. ಶುರುವಾಯಿತು ಮಹಾಯುದ್ಧ!

"ಹುಷ್!"

"ಶ್ಶ್! ಹಾರಿಸಬ್ಯಾಡ್ರಿ ಕೃಷ್ಣವ್ವಾರ!"

"ಹಾರಸ್ದ ಏನ್ ಎಲಿ ಹಾಕಿ ಬಡಸ್ಲ್ಯಾ?"

ಬಿಸಿಲು ನೆತ್ತಿಗೇರಿತು. ಕೃಷ್ಣವ್ವನ ಗಂಟಲು ಒಣಗಿತು. "ಸರ, ನೀರಡಿಕಿ ಆಗೈತಿ. ಒಳಗ ಹೋಗಿ ಬರತೇನಿ. ಇದರ ಮ್ಯಾಲ ಕಣ್ಣಿಡ್ರಿ."

"ಎರಡೂ ಕಣ್ಣಿಡತೇನಿ, ಹೋಗ್ರಿ!"

ರಾಯರು ಒಂದು ಕಣ್ಣನ್ನು ಕ್ಯಾಮೆರಾಕ್ಕೆ ಇಟ್ಟರು. ಇನ್ನೊಂದನ್ನು ಮುಚ್ಚಿಕೊಂಡರು.

ಕೃಷ್ಣವ್ವ ತಂಬಿಗೆ ನೀರು ಕುಡಿದು ಬರುವಷ್ಟರಲ್ಲಿ ಅರ್ಧ ಚಾದರ ಬಯಲಾಗಿತ್ತು. ರಾಯರು ಕುಣಿಯುತ್ತಿದ್ದರು.

"ಈ ಕಾಗಿ ನೋಡ್ರಿ! ಎಳಿ ಕಚ್ಚಿದ್ದು ಮೀಸಿ ಬಂದ್ಹಂಗ ಕಾಣ್ತದ!"

"ಅಯ್ಯ ಶಿವನ! ಕಾಯ್ರಿ ಅಂದ್ನೆಲ್ರಿ ಸರ!"

"ಕಾದೆನಲ್ಲಾ! ಅದಕ್ಕ ಬಂದ್ವು!" ಎನ್ನುತ್ತ ಅವರು, "ಪದ್ಮಾ, ಬಾ ಇಲ್ಲೆ!" ಎಂದು ಕೂಗಿಯೇಬಿಟ್ಟರು.

ಪದ್ಮಜಾಬಾಯಿ ಬಂದು ಕ್ಯಾಮೆರಾದಲ್ಲಿ ಇಣುಕಿದಳು. "ಕಾಗಿ ಛಲೋ ಬಂದದ. ಅದರ ಕೆಳಗಿನ ಚಾದರ ಯಾರದ್ರೀ?"

"ಯಾರದೋ ಏನೋ. ಹೂವಿಂದದ."

"ಹೋದ ವಾರದ ತನಕ ಅದರ ಮ್ಯಾಲೇ ಗೊರಕಿ ಹೊಡದೀರಿ! ಗೋಧಿನೂ ನಮ್ಮದ!"

ಕೃಷ್ಣವ್ವ ಮುಂದೆ ಬಂದಳು. ಕೊಟ್ಟ ಮಾತು ಕೊಟ್ಟದ್ದೇ. ತಲೆ ತಗ್ಗಿಸಿ ಕೋಲನ್ನು ಪದ್ಮಜಾಬಾಯಿಯ ಮುಂದೆ ಹಿಡಿದಳು. "ತಗೋರಿ ಬಾಯಾರ. ಇನ್ನ ಒತ್ತಂಗಿಲ್ಲ ನಾ."

ಕೋಲು ಹೆಂಡತಿಯ ಕೈಗೆ ಬಂದದ್ದೇ ತಡ, ರಾಯರು ನಾಲ್ಕು ಹೆಜ್ಜೆ ಹಿಂದೆ ಸರಿದರು. ಆದರೆ ಪದ್ಮಜಾಬಾಯಿ ಬಾಗಿ, ಉಳಿದ ಅರೆ ಒಣಗಿದ ಕುರಡಗಿಯಿಂದ ಒಂದು ಎಳೆ ಮುರಿದು ಬಾಯಿಗೆ ಹಾಕಿಕೊಂಡಳು. ಅಗಿದಳು. ಇನ್ನೊಂದು ಎಳೆ ಮುರಿದಳು.

"ಕೃಷ್ಣವ್ವಾರ, ನಮ್ಮ ಅತ್ತಿಗಿ ಕುರಡಗಿ ಕಾಗಿ ಮೂಸಿನೂ ನೋಡ್ತಿದ್ದಿಲ್ಲ! ಹಿಡೀರಿ ಕೋಲ. ಮತ್ತ ಗೋಧಿ ನೆನಿ ಇಡತೇನಿ. ಇವರೇ ರುಬ್ಬತಾರ!"

ರಾಯರು ರುಬ್ಬಿದರು, ತೋಳು ಸೋತು ಕ್ಯಾಮೆರಾ ಎತ್ತದಂತಾಗುವವರೆಗೂ ರುಬ್ಬಿದರು! ಹೊಸ ಕುರಡಗಿ ಅದೇ ಹೂವಿನ ಚಾದರದ ಮೇಲೆ ಬಿತ್ತು. ಕೃಷ್ಣವ್ವ ಕೋಲು ಹಿಡಿದು, ಈ ಸಲ ನೀರಿನ ಕೊಡವನ್ನೂ ಪಕ್ಕದಲ್ಲೇ ಇಟ್ಟುಕೊಂಡು ಕುಳಿತಳು. ತಂತಿಯ ಮೇಲೆ ಕಾಗೆಗಳು ಸಾಲಾಗಿ ಕುಳಿತವು. ಬಹಳ ಹೊತ್ತು ಯಾರೂ ಅಲುಗಲಿಲ್ಲ.

ಕೊನೆಗೆ ರಾಯರು ಕ್ಯಾಮೆರಾದ ಹಿಂದಿನಿಂದ, ಬೆಲ್ಲದಂಥ ದನಿಯಲ್ಲಿ ಕೇಳಿದರು:

"ಕೃಷ್ಣವ್ವಾರ, ಕೊಡದ ನೀರು ಕಾದಿರಬೇಕು... ಒಳಗ ಹೋಗಿ ತಣ್ಣಂದು ಕುಡದು ಬರಂಗಿಲ್ಲೇನ್ರಿ?"