ಸರದಿ ಸಿಗರೇಟ್ ಸತ್ಯಾಗ್ರಹ

ಡಿಸಿ ಕಚೇರಿ ಎದುರು ‘ಧಿಕ್ಕಾರ’ ಎಂದು ಕೂಗಲು ಹೋದೆ. ‘ಧಿ’ ಬಂತು, ಮಿಕ್ಕಿದ್ದೆಲ್ಲ ಕೆಮ್ಮು. ಬಂದೋಬಸ್ತಿಗೆ ನಿಂತ ಪೊಲೀಸಿನವನೇ ಕರುಣೆಯಿಂದ ನೀರು ಕೊಟ್ಟ. ಲಾಠಿ ಏಟೂ ಅಷ್ಟು ನೋಯಿಸಿರಲಿಲ್ಲ.

ವಿನೋಬನಗರದ ಡಾಕ್ಟರ್ ಶರಣ್ಯಾ ಎದೆ ಪರೀಕ್ಷೆ ಮಾಡಿ, “ಸಿಗರೇಟ್ ಬಿಡದಿದ್ರೆ ನಿಮಗಿನ್ನು ಮೌನ ಮೆರವಣಿಗೆಯೇ ಗತಿ. ಒಬ್ಬರೇ ಬಿಡೋದು ಕಷ್ಟ, ಜೊತೆಗೊಬ್ಬರನ್ನ ಹುಡುಕ್ಕೊಳ್ಳಿ” ಎಂದರು.

(“ನಾನಿಲ್ವಾ?” ಎಂದಳು ಹೆಂಡತಿ ಭವಾನಿ. ಸೇದದವರಿಗೆ ಈ ಹೋರಾಟದ ಆಳ ತಿಳಿಯದು ಎಂದು ಅವಳನ್ನು ಸಮಿತಿಯಿಂದ ಹೊರಗಿಟ್ಟೆ.)

ಭದ್ರಾವತಿಯ ಕಾಗದನಗರದಲ್ಲಿ ಸಮೀವುಲ್ಲಾ ಇದ್ದಾನೆ. ಯೂನಿಯನ್ ಕಾಲದ ಗೆಳೆಯ. ಒಂದೇ ಕಡ್ಡಿಯಲ್ಲಿ ಇಬ್ಬರೂ ಹಚ್ಚಿಕೊಂಡವರು. ಫೋನ್ ಮಾಡಿದೆ.

“ಒಟ್ಟಿಗೆ ಬಿಟ್ರೆ ಒಟ್ಟಿಗೇ ಸೋಲ್ತೀವಿ ಮಾರಾಯ,” ಅಂದ. “ಸರದಿ ಉಪವಾಸದ ಥರ ಮಾಡೋಣ. ಇವತ್ತು ನೀನು ಬಿಡು, ನಾಳೆ ನಾನು ಬಿಡ್ತೀನಿ. ಚಳವಳಿ ಒಂದು ದಿನವೂ ನಿಲ್ಲಬಾರದು.”

ಚಳವಳಿ ನಿಲ್ಲಲಿಲ್ಲ. ಕೆಮ್ಮೂ ನಿಲ್ಲಲಿಲ್ಲ. ಸರದಿ ಇಲ್ಲದ ದಿನ ನಾನು ಎರಡು ದಿನದ್ದನ್ನೂ ಸೇರಿಸಿ ಎಳೆಯುತ್ತಿದ್ದೆ.

ಅಂಥದೊಂದು ಮಧ್ಯಾಹ್ನ ಊಟಕ್ಕೆ ಬಂದರೆ ಒಲೆ ತಣ್ಣಗಿತ್ತು.

“ಅಡುಗೆ?”

“ನಡೀತಿದೆ. ಭದ್ರಾವತಿಯಲ್ಲಿ,” ಎಂದಳು ಭವಾನಿ. “ಸಮೀವುಲ್ಲಾ ಹೆಂಡತಿ ಜೈನಾಬಿ ನಿಮ್ಮ ಸರದಿ ವಿಷಯ ಎಲ್ಲ ಹೇಳಿದ್ರು. ನಾವೂ ಸರದಿ ಇಟ್ಕೊಂಡಿದೀವಿ. ನೀವು ಸೇದೋ ದಿನ ಇಲ್ಲಿ ಒಲೆ ಹಚ್ಚಲ್ಲ, ಅವರು ಸೇದೋ ದಿನ ಅಲ್ಲಿ ಹಚ್ಚಲ್ಲ. ಅಡುಗೆ ಒಂದು ದಿನವೂ ನಿಲ್ಲಲ್ಲ.”

ಹೊಟ್ಟೆ ಕೇಳಬೇಕಲ್ಲ, ಕಾಗದನಗರದ ಬಸ್ಸು ಹತ್ತಿದೆ. ಜೈನಾಬಿ ಬಾಗಿಲಿಗೇ ಅಡ್ಡ ನಿಂತರು.

“ಬಾಯಿ ತೆಗೀರಿ ಭಾಯಿ.” ತೆಗೆದೆ. “ಹೊಗೆ ವಾಸನೆ. ಅನ್ನ ಇಲ್ಲ.”

ಒಳಗೆ ಸಮೀವುಲ್ಲಾ ಅನ್ನಕ್ಕೆ ಮೀನು ಸಾರು ಕಲಸುತ್ತಿದ್ದ. ನನ್ನನ್ನು ನೋಡಿ ತಲೆ ತಗ್ಗಿಸಿ ಇನ್ನೊಂದು ತುಂಡು ಹಾಕಿಕೊಂಡ. ಮುಷ್ಕರ ಮುರಿದು ಗೇಟಿನೊಳಗೆ ನುಸುಳಿದವನ ಮುಖ ಹೀಗೇ ಇರುತ್ತದೆ.

ಹಸಿದುಕೊಂಡೇ ಮನೆಗೆ ವಾಪಸ್ ಬಂದು ಭವಾನಿಯನ್ನು ಮಾತುಕತೆಗೆ ಕರೆದೆ. “ದಿನಕ್ಕೊಂದೇ ಸಿಗರೇಟ್. ರಾಜಿ ಆಗೋಣ.”

“ಬೇಡಿಕೆ ಪೂರ್ತಿ ಈಡೇರದೆ ರಾಜಿ ಇಲ್ಲ. ಮೈಕಲ್ಲಿ ನೀವೇ ಹೇಳ್ತಿದ್ರಲ್ಲ.”

ಪ್ಯಾಕೆಟ್ ಅವಳ ಕೈಗಿಟ್ಟೆ.

“ಇನ್ಮೇಲೆ ಸೇದ್ಬೇಕು ಅನ್ನಿಸಿದ್ರೆ ನನ್ನ ಕರೀರಿ. ಭದ್ರಾವತಿಗೆ ಫೋನ್ ಬೇಡ,” ಎಂದವಳು ಒಳಗಿಂದ ನಿಂಬೆ ಶರಬತ್ತು ತಂದಳು. ಉಪವಾಸ ಕೂತವರಿಗೆ ಅಧಿಕಾರಿಗಳು ಕುಡಿಸುವ ಹಾಗೇ ಲೋಟವನ್ನು ಬಾಯಿಗೆ ಹಿಡಿದಳು. ಎಂಥೆಂಥ ಅಧಿಕಾರಿಗಳ ಲೋಟ ತಳ್ಳಿದವನು ನಾನು. ಗಟಗಟ ಕುಡಿದೆ.

“ಅನ್ನಕ್ಕೆ ಯಾವಾಗ ಇಡ್ತೀಯ?”

“ನಾಳೆ,” ಎಂದಳು. “ನಿಮ್ಮ ಬಾಯಿ ಮೂಸಿ ನೋಡಿದ ಮೇಲೆ.”