ಗೋಡೆಯ ಉದ್ದಕ್ಕೂ ತಲೆಯ ಲೆಕ್ಕಕ್ಕೂ ನಡುವೆ ಸಿಕ್ಕಿಬಿದ್ದ ನಮ್ಮ ಒಳಚರಂಡಿ

ನಗರಸಭೆಯ ಘನತೆವೆತ್ತ ಅಧ್ಯಕ್ಷರಿಗೂ ಸರ್ವ ಸದಸ್ಯರಿಗೂ, ಕೆಳಗಿನ ಬೀದಿಯ ತಿರುವಿನ ಮನೆಯಲ್ಲಿ ಬಟ್ಟೆ ಹೊಲಿದು ಬದುಕುವ ದರ್ಜಿಯೊಬ್ಬಳ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ತಮ್ಮ ಸಭಾಂಗಣದ ಶೌಚಾಲಯದಲ್ಲಿ ನೀರು ಎಷ್ಟು ಸರಾಗವಾಗಿ ಹರಿದುಹೋಗುತ್ತದೆಂಬುದನ್ನು ಕಣ್ಣಾರೆ ಕಂಡು ಬಂದವಳಾದ್ದರಿಂದ ಆ ನಂಬಿಕೆಗೆ ಆಧಾರವಿದೆ. ನಮ್ಮ ಬೀದಿಯ ಒಳಚರಂಡಿಯಾದರೋ ಲಾಂಡ್ರಿಯ ಮುಂದಿನವರೆಗೆ ಬಂದು, ಅಲ್ಲಿಂದಾಚೆ ಯಾರಿದ್ದಾರೆಂದು ನೋಡುವ ಮನಸ್ಸಾಗದೆ ನಿಂತುಬಿಟ್ಟಿದೆ. ಆಚೆಗಿನವರದೆಲ್ಲ ಶೌಚದ ಗುಂಡಿಯ ಸಂಸಾರ. ಬೀದಿಯ ತುದಿಯ ಹೊಸ ಬಹುಮಹಡಿ ಕಟ್ಟಡದವರೆಗೆ ಕೊಳವೆ ಒಯ್ಯಲು ತಾವು ಮನಸ್ಸು ಮಾಡಿದ್ದೀರೆಂದು ಕೇಳಿದ ದಿನ ನನ್ನ ಅತ್ತೆಯವರು ಖುಷಿಗೆ ಟೀಗೆ ಸಕ್ಕರೆ ಹೆಚ್ಚು ಹಾಕಿದರು. ಖರ್ಚು ಯಾರದೆಂಬ ಮಾತು ಎದ್ದದ್ದು ಟೀ ಕುಡಿದಾದ ಮೇಲೆ.

ಬೀದಿಗೆ ಮುಖ ಮಾಡಿದ ಗೋಡೆ ಎಷ್ಟು ಉದ್ದವೋ ಅಷ್ಟು ಪಾಲು ಎಂಬ ತಮ್ಮ ಸೂತ್ರವನ್ನು ನಾನು ಮೆಚ್ಚದೆ ಇರಲಾರೆ. ನಮ್ಮದು ತಿರುವಿನ ಮನೆ. ಮುಂದೂ ಬೀದಿ, ಪಕ್ಕಕ್ಕೂ ಬೀದಿ. ಆಕಾಶಕ್ಕೆ ಏಣಿ ಹಾಕಿದಂತಿರುವ ಆ ಕಟ್ಟಡ ಬೀದಿಗೆ ತೋರಿಸುವುದು ತನ್ನ ಗೇಟಿನ ಅಗಲವನ್ನಷ್ಟೇ. ಹೀಗಾಗಿ ಅತ್ತೆ, ಬಸ್ ಓಡಿಸುವ ನನ್ನ ಯಜಮಾನರು ಮತ್ತು ನಾನು, ಈ ಮೂವರ ಪಾಲು ಇಡೀ ಕಟ್ಟಡದ ಪಾಲಿಗಿಂತ ಹಿರಿದಾಯಿತು. ಅದನ್ನು ಕಟ್ಟಬೇಕಾದರೆ ನನ್ನ ಹೊಲಿಗೆ ಯಂತ್ರವನ್ನು ಮಾರಬೇಕಾಗಿತ್ತು. ಟೇಪು ಹಿಡಿದು ಬಂದ ತಮ್ಮ ಎಂಜಿನಿಯರಿಗೆ ಅತ್ತೆಯವರು, "ಅಳೆ ಮಗಾ, ಅಳೆ. ಆದ್ರೆ ಶೌಚಕ್ಕೆ ಹೋಗೋದು ಗೋಡೆನೋ ಮನುಷ್ಯರೋ, ಅದನ್ನೂ ಒಂದಿಷ್ಟು ಬರ್ಕೊ" ಎಂದರು. ಎಂಜಿನಿಯರು ವಿನಯದಿಂದ ನಕ್ಕು, ಮೆಟ್ಟಿಲನ್ನೂ ಸೇರಿಸಿ ಅಳೆದುಕೊಂಡು ಹೋದರು.

ಮನೆಯಲ್ಲಿರುವ ತಲೆಗಳನ್ನು ಎಣಿಸಿ ಪಾಲು ಹಾಕಿರೆಂದು ನಾನು ಆಕ್ಷೇಪಣೆ ಸಲ್ಲಿಸಿದಾಗ ತಾವು, "ಬೀದಿಯವರೇ ಒಮ್ಮತಕ್ಕೆ ಬನ್ನಿ" ಎಂದು ಅಪ್ಪಣೆ ಕೊಡಿಸಿದಿರಿ. ಅಲ್ಲಿಯವರೆಗೆ ಜಗಳವೆಂದರೇನೆಂದು ಅರಿಯದಿದ್ದ ಬೀದಿಗೆ ಅದನ್ನು ಉಚಿತವಾಗಿ ಕಲಿಸಿದ್ದಕ್ಕೆ ನಾವು ಋಣಿಗಳು. ಪಕ್ಕದ ಕ್ಷೌರಿಕನ ಅಂಗಡಿ, ಗಿರಾಕಿ ಕಾಲು ಚಾಚಿದರೆ ಬೀದಿಗೆ ಬರುವಷ್ಟು ಕಿರಿದು. ಅಂಗಡಿಯ ಹಿಂದಿರುವ ಅವನ ಮನೆ ತುಂಬ ಮಕ್ಕಳು. ಗೋಡೆಯ ಲೆಕ್ಕ ಅವನಿಗೆ ಲಾಭ, ತಲೆಯ ಲೆಕ್ಕ ನನಗೆ. "ಅಕ್ಕಾ, ನಿಮ್ಮ ಗೋಡೆ ಉದ್ದ ಇದ್ರೆ ಅದನ್ನ ನಾನು ಕಟ್ಟಿಸಿದ್ನಾ?" ಎಂದು ಅವನು ಕೇಳಿದ. ಅದಕ್ಕೆ ಪ್ರತಿಯಾಗಿ ಅವನ ಮಕ್ಕಳ ವಿಷಯದಲ್ಲಿ ನಾನು ಆಡಿದ ಮಾತನ್ನು ಈ ಪತ್ರದಲ್ಲಿ ಬರೆಯುವಂತಿಲ್ಲ. ಅಂದಿನಿಂದ ಮಾತು ನಿಂತಿತು. ಬೇರೆ ಅಂಗಡಿಗೆ ಹೋದರೆ ದ್ರೋಹ, ಅವನಲ್ಲಿಗೇ ಹೋಗೋಣವೆಂದರೆ ಕತ್ತಿಗೆ ಕುತ್ತಿಗೆ ಕೊಡಲು ಇದು ಸಮಯವಲ್ಲ ಎಂದು ನನ್ನ ಯಜಮಾನರು ಕಾಲರಿನ ಮೇಲೆ ಕೂದಲು ಬಿಟ್ಟುಕೊಂಡೇ ಬಸ್ ಓಡಿಸಿದರು.

ಹೀಗಿರುವಾಗ ಒಂದು ಬೆಳಿಗ್ಗೆ ಕ್ಷೌರಿಕನ ಮನೆಯ ಗುಂಡಿಯ ಚಪ್ಪಡಿ ಕುಸಿದುಬಿತ್ತು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಆದರೆ ಅಷ್ಟು ಮಕ್ಕಳು ಹೋಗುವುದೆಲ್ಲಿಗೆ? ಕಿರಿಯವಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ನೆಲ ನೋಡುತ್ತ ಅವನು ನಮ್ಮ ಬಾಗಿಲಲ್ಲಿ ನಿಂತ. "ಅಕ್ಕಾ, ಮಕ್ಕಳು..." ಎಂದ. ನಾನು ಬಾಯಿ ತೆರೆಯುವ ಮೊದಲೇ ಅತ್ತೆಯವರು, "ಒಳಗೆ ಬಾರಪ್ಪ. ಜಗಳ ಆಮೇಲೆ ಆಡಿದ್ರಾಯ್ತು, ಮಗು ತಡ್ಕೊಳ್ಳಲ್ಲ" ಎಂದರು. ಅವನಿಗೆಂದೇ ಮಸೆದಿಟ್ಟುಕೊಂಡಿದ್ದ ಮಾತುಗಳನ್ನೆಲ್ಲ ನುಂಗಿಕೊಂಡು ನಾನು ಬಕೆಟ್ಟಿಗೆ ನೀರು ತುಂಬಿಸಿದೆ.

ಎರಡು ಸಂಸಾರಗಳ ಭಾರ ತಾಳದೆ ನಮ್ಮ ಗುಂಡಿಯೂ ಉಕ್ಕಿತು. ಹೊಲಿಗೆ ಕೋಣೆಗೆ ನೀರು ನುಗ್ಗಿ, ಅಳತೆ ಕೊಡಲು ಬಂದಿದ್ದ ಮದುವೆಯ ಹುಡುಗಿ ಮೂಗು ಮುಚ್ಚಿಕೊಂಡು ಓಡಿದಳು. ಪ್ಯಾಂಟು ಮಡಚಿಕೊಂಡು ನನ್ನೊಡನೆ ನೆಲ ತೊಳೆಯುತ್ತಿದ್ದ ಕ್ಷೌರಿಕ ತಾನಾಗಿಯೇ, "ತಲೆ ಲೆಕ್ಕಾನೇ ಆಗ್ಲಿ ಬಿಡಿ ಅಕ್ಕಾ. ನಮ್ಮನೇಲಿ ಜನ ಜಾಸ್ತಿ, ನಿಜ. ಆ ಕಟ್ಟಡದಲ್ಲಿ ಇನ್ನೂ ಜಾಸ್ತಿ. ಅವರು ಸೇರಿದ್ರೆ ಇಬ್ಬರಿಗೂ ಹಗುರ" ಎಂದ. ಒಮ್ಮತ ಹುಟ್ಟಿದ್ದು ಹೀಗೆ, ಪೊರಕೆಗಳ ನಡುವೆ.

ಅದನ್ನು ಹೊತ್ತು ನಾವು ತಮ್ಮ ಸಭೆಗೆ ಬಂದೆವು. ಕಟ್ಟಡದಲ್ಲಿ ವಾಸವಿರುವುದು ಕಾವಲುಗಾರನೊಬ್ಬನೇ ಎಂದು ಬಿಲ್ಡರ್ ಕಡೆಯವರು ಹೇಳಿದಾಗ ತಾವು ಅದನ್ನು ಒಪ್ಪಿ ತಲೆದೂಗಿದ್ದು, ಮನುಷ್ಯರ ಮೇಲೆ ತಮಗಿರುವ ವಿಶ್ವಾಸಕ್ಕೆ ಸಾಕ್ಷಿ. ಕ್ಷೌರಿಕ ಎದ್ದು, "ಸ್ವಾಮೀ, ಆ ಇಲ್ಲದ ತಲೆಗಳಿಗೆ ತಿಂಗಳು ತಿಂಗಳು ಕ್ಷೌರ ಮಾಡ್ತಿರೋನು ನಾನೇ" ಎಂದ. ಆ ಇಲ್ಲದ ಸೊಂಟಗಳ ಸುತ್ತಳತೆ ನನಗೆ ಬಾಯಿಪಾಠವೆಂದು ನಾನೂ ಹೇಳಿದೆ. ಆಗ ಹಿಂದಿನ ಸಾಲಿನಿಂದ ಮೇಡಂ ಒಬ್ಬರು ಎದ್ದರು. ಶಾಲೆಯಲ್ಲಿ ಪಾಠ ಹೇಳುವವರು. ಕುಡಿಯುವ ನೀರಿನ ದೂರು ತಂದಿದ್ದರು. "ನಾನು ಇರೋದೇ ಆ ಕಟ್ಟಡದಲ್ಲಿ. ಕೊಳಚೆ ಹೊರೋ ಟ್ಯಾಂಕರಿಗೆ ಸುರಿಯೋ ದುಡ್ಡನ್ನ ಕೊಳವೆಗೆ ಕೊಡೋಕೆ ನಮಗೇನು ಕಷ್ಟ? ನಮ್ಮನ್ನ ಯಾರಾದ್ರೂ ಕೇಳಿದ್ರಾ?" ಎಂದರು. ತಾವು ನೀರು ಕುಡಿದಿರಿ. ಬಳಿಕ ತಲೆಯ ಲೆಕ್ಕವೇ ನ್ಯಾಯವೆಂದು ಠರಾವು ಮಾಡಿ, ಆ ತಲೆಗಳು ನಿಜವಾಗಿ ಇವೆಯೇ ಎಂದು ಪರಿಶೀಲಿಸಲು ಉಪಸಮಿತಿಯೊಂದನ್ನು ನೇಮಿಸಿದಿರಿ.

ಆ ಉಪಸಮಿತಿ ಕೋರಂ ಇಲ್ಲದೆ ಇನ್ನೂ ಸೇರಿಲ್ಲವೆಂದು ತಿಳಿದು ಕೃತಾರ್ಥಳಾಗಿದ್ದೇನೆ. ಸಭೆ ಮುಂದೂಡುವ ಈ ಅಮೋಘ ಕಲೆಯನ್ನು ದಯವಿಟ್ಟು ನಮ್ಮ ಗುಂಡಿಗಳಿಗೂ ಕಲಿಸಿಕೊಡಬೇಕು. ಅದಾಗದಿದ್ದರೆ, ವರದಿ ಬರುವವರೆಗೆ ಈ ಬೀದಿಯಲ್ಲಿ ಯಾರಿಗೂ ಹೊಟ್ಟೆ ಕೆಡಬಾರದೆಂದು ಆದೇಶವನ್ನಾದರೂ ಹೊರಡಿಸಬೇಕು. ಈ ನಡುವೆ ಮೇಡಮ್ಮು, ಕ್ಷೌರಿಕ ಮತ್ತು ನಾನು ಮನೆಮನೆಗೆ ಹೋಗಿ ಕೇಳಿ ಬಂದಿದ್ದೇವೆ: ಎಲ್ಲರೂ ತಮ್ಮ ಪಾಲು ಕೊಡಲು ಸಿದ್ಧ. ನನ್ನ ಯಜಮಾನರ ಕೂದಲೂ ಹದಕ್ಕೆ ಬಂದಿದೆ. ಇನ್ನು ಬರಬೇಕಾದದ್ದು ಕೊಳವೆಯೊಂದೇ.

ಮೂಗು ಮುಚ್ಚಿಕೊಂಡೇ ತಲೆಬಾಗುತ್ತಿರುವ,
ತಮ್ಮ ವಿಶ್ವಾಸಿ,
ತಿರುವಿನ ಮನೆಯ ದರ್ಜಿ

ತಾ.ಕ.: ಉಪಸಮಿತಿಯ ಮಾನ್ಯರು ತಲೆ ಎಣಿಸಲು ನಮ್ಮ ಬೀದಿಗೆ ಯಾವಾಗ ದಯಮಾಡಿಸಿದರೂ ಸ್ವಾಗತವಿದೆ. ತಮ್ಮ ತಮ್ಮ ಮನೆಯಲ್ಲೇ ಎಲ್ಲವನ್ನೂ ಮುಗಿಸಿಕೊಂಡು ಬರಬೇಕೆಂಬುದಷ್ಟೇ ಅತ್ತೆಯವರ ಕೋರಿಕೆ.