ಕಂಪನಿ ಫಿಲ್ಟರ್, ಹೊರಗಿನ ಫಿಲ್ಟರ್

ಅನಂತಪುರಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜು. ರಿಪೇರಿಗೆ ಬರುವವರು ಕಾರಿನ ಜೊತೆಗೆ ಮನೆಯ ಸಂಗತಿಯನ್ನೂ ಬಿಚ್ಚಿಡುತ್ತಾರೆ. ಹಾಗಾಗಿ ನನಗೆ ನಗುವಿಗೆ ಕಡಿಮೆಯಾದದ್ದಿಲ್ಲ. ಹೋದ ಬೇಸಗೆಯಲ್ಲಂತೂ ಪುತ್ತಿಗೆಯ ಒಂದೇ ಮನೆಯವರು ಒಂದು ಏರ್ ಫಿಲ್ಟರಿಗಾಗಿ ಸರದಿಯಂತೆ ಬಂದು ನಗಿಸಿದರು.

೧. ಗಂಡ

ನನ್ನ ಶಾಲೆಯ ಗೆಳೆಯ ದುಬಾಯಿಯಲ್ಲಿದ್ದಾನೆ. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಾನೆ. ಈ ಸಲ ಹೆಂಡತಿಗೆ ಲೈಸೆನ್ಸ್ ಸಿಕ್ಕಿತ್ತು. ತಾನಿಲ್ಲದಾಗ ಕಾರು ಅವಳಿಗೆ ಕೈಕೊಡಬಾರದು ಎಂಬುದೊಂದೇ ಅವನ ಚಿಂತೆ. ಕೆಂಪುಕಲ್ಲಿನ ಲಾರಿಗಳ ಧೂಳಿಗೆ, ಇಂಜಿನಿಗೆ ಗಾಳಿ ಸೋಸಿ ಕೊಡುವ ಫಿಲ್ಟರ್ ಪೂರ್ತಿ ಕೆಂಪಾಗಿತ್ತು.

“ಕಂಪನಿದು ಹಾಕಲಾ, ಹೊರಗಿನದ್ದಾ?” ಎಂದೆ. “ಕಂಪನಿದು ಕಾಗದದ್ದು, ವರ್ಷಕ್ಕೊಮ್ಮೆ ಬಿಸಾಡಿ ಹೊಸತು ಹಾಕಬೇಕು. ಹೊರಗಿನದ್ದು ಬಟ್ಟೆಯದ್ದು. ತೊಳೆದು, ಒಣಗಿಸಿ, ಎಣ್ಣೆ ಹಾಕಿದರೆ ಕಾರು ಇರುವವರೆಗೂ ಬರ್ತದೆ. ಶಬ್ದ ಮಾತ್ರ ಸ್ವಲ್ಪ ಜಾಸ್ತಿ.”

“ಅದೇ ಹಾಕು ಮಾರಾಯ. ನಾನು ಬಾರದಿದ್ದರೂ ನಡೀತದಲ್ಲ.”

ಪಕ್ಕದಲ್ಲಿದ್ದ ಹೆಂಡತಿಯ ಮುಖ ಬಾಡಿತು. ಅವನು ಅದನ್ನು ನೋಡಲಿಲ್ಲ. ಹೊಸ ಫಿಲ್ಟರಿನ ಶಬ್ದಕ್ಕೆ ಕಿವಿಗೊಟ್ಟು, “ಇಂಥದ್ದೇ, ಮತ್ತೆ ಮತ್ತೆ ಹೊಸತು ಮಾಡಬೇಕಾಗದ ಒಂದು ವೀಸಾ ಸಿಕ್ಕಿದರೆ ಬದುಕಿದೆ” ಎಂದ.

೨. ಅಮ್ಮ

ಕೆಲವು ದಿನ ಕಳೆದು ಅದೇ ಕಾರು ಕೆಮ್ಮುತ್ತಾ ಬಂತು. ಓಡಿಸುತ್ತಿದ್ದವನು ಗೆಳೆಯ, ಹಿಂದಿನ ಸೀಟಿನಲ್ಲಿ ಅವನ ಅಮ್ಮ. ಬಾನೆಟ್ ಎತ್ತಿದರೆ ಬಾಳೆಕಾಯಿ ಚಿಪ್ಸ್ ಕರಿದ ಪರಿಮಳ.

ಹೆಂಡತಿಗೆ ಕಲಿಸಲೆಂದು ಅವನು ಫಿಲ್ಟರ್ ತೊಳೆದು, ಅಂಗಳದಲ್ಲಿ ಹಲಸಿನ ಹಪ್ಪಳದ ಪಕ್ಕ ಒಣಗಲಿಟ್ಟಿದ್ದನಂತೆ. ಉಳಿದ ಕೆಲಸವನ್ನು ಅಮ್ಮ ತಾವೇ ಮುಗಿಸಿದ್ದರು.

“ಯಾವ ಎಣ್ಣೆ ಹಾಕಿದ್ದು ಅಮ್ಮ?”

“ತೆಂಗಿನೆಣ್ಣೆ. ಮತ್ತೆಂತ ಹಾಕುವುದು?”

“ಇದಕ್ಕೆ ಬೇರೆಯೇ ಎಣ್ಣೆ ಉಂಟು. ಈಗ ಇಂಜಿನಿಗೆ ಉಸಿರು ಕಟ್ಟಿದೆ.”

ಅವರಿಗೆ ಬೇಸರವಾಯಿತು. “ಮನೆಯ ತೆಂಗಿನದ್ದು ಮಗ. ಹಸಿ ಕೂಸಿನ ತಲೆಗೆ ಹಚ್ಚುವಂಥದ್ದು. ಇದೂ ಆಗದಿದ್ದರೆ ಅದೆಂಥ ಇಂಜಿನು?”

೩. ಹೆಂಡತಿ

ಗೆಳೆಯ ದುಬಾಯಿಗೆ ಹೊರಡುವ ಹಿಂದಿನ ದಿನ ಬೆಳಿಗ್ಗೆ ಅವನ ಹೆಂಡತಿ ಒಬ್ಬಳೇ ಕಾರು ಓಡಿಸಿಕೊಂಡು ಬಂದಳು.

“ಅಣ್ಣ, ಇದನ್ನು ತೆಗೆದು ಕಂಪನಿದೇ ಹಾಕಿ.”

“ಯಾಕಮ್ಮ? ಈಗ ಸರಿ ಉಂಟಲ್ಲ?”

“ಸರಿ ಇರುವುದೇ ತೊಂದರೆ. ಎಲ್ಲ ನಡೀತದೆ ಅಂತ ಅವರು ಅಲ್ಲೇ ಕೂತುಬಿಡ್ತಾರೆ. ಕಂಪನಿದನ್ನು ವರ್ಷಕ್ಕೊಮ್ಮೆ ಬದಲಿಸಬೇಕಲ್ಲ?”

“ಅದಕ್ಕೆಂತ, ನೀವು ಬನ್ನಿ, ನಾನೇ ಬದಲಿಸಿಕೊಡ್ತೇನೆ.”

“ನೀವು ಬದಲಿಸಬಾರದು” ಎಂದಳು, ತಲೆ ತಗ್ಗಿಸಿ. “ಅವರು ಕೇಳಿದರೆ, ಅವರೇ ಬಂದರೆ ಮಾತ್ರ ಆಗುವ ಕೆಲಸ ಅಂತ ಹೇಳಬೇಕು.”

ನಗಲು ಹೊರಟವನು ಅವಳ ಮುಖ ನೋಡಿ ಬಾನೆಟ್ ಎತ್ತಿದೆ. ಕಂಪನಿ ಫಿಲ್ಟರ್ ಹಾಕಿದೆ.

ಸಂಜೆ ಗಂಡ ಹೆಂಡತಿ ಇಬ್ಬರೂ ಬಂದರು. ಅವಳು ಸ್ಟಿಯರಿಂಗ್ ಹಿಡಿದು ಕಾರಿನಲ್ಲೇ ಕುಳಿತಳು. ಅವನು ಇಳಿದು, “ಶಬ್ದ ಎಲ್ಲಿ ಹೋಯಿತು?” ಎಂದು ಕೇಳಿದ.

“ಕಂಪನಿದು ಹಾಕಿದ್ದೇನೆ. ವರ್ಷಕ್ಕೊಮ್ಮೆ ನೀನೇ ಬಂದು ಬದಲಿಸಬೇಕು.”

“ಐದು ನಿಮಿಷದ ಕೆಲಸಕ್ಕೆ ನಾನು ವಿಮಾನ ಹತ್ತಿ ಬರಬೇಕಾ? ಯಾರು ಹೇಳಿದ್ದು?”

ನಾನು ಕಾರಿನ ಕಡೆ ನೋಡಿದೆ. ಅವನೂ ನೋಡಿದ. ಅವಳು ನಮ್ಮತ್ತ ತಿರುಗದೆ ನೇರ ರಸ್ತೆಯನ್ನೇ ನೋಡುತ್ತಿದ್ದಳು. ಅವನು ಬಾನೆಟ್ ಮೇಲಿನ ಕೆಂಪು ಧೂಳನ್ನು ಕೈಯಲ್ಲೇ ಒರೆಸಿದ. ಆಮೇಲೆ ನನ್ನ ಹತ್ತಿರ ಬಂದು, ಅವಳಿಗೆ ಕೇಳದ ಹಾಗೆ ಕೇಳಿದ:

“ಆರು ತಿಂಗಳಿಗೇ ಹಾಳಾಗುವಂಥದ್ದು ಯಾವುದಾದರೂ ಉಂಟಾ ಮಾರಾಯ?”